ಸೂರ್ಯ ಕರೆಂಟಿನ ಬಲ್ಬಾ? ಮಾಷ್ಟ್ರ ವಿಡಿಯೋಗೆ ಉತ್ತರ

ಮಾಷ್ಟ್ರೇ, ನೀವು ಗುಂಪಿಗೆ ಹಾಕಿದ ವಿಡಿಯೋ ಪೂರ್ತಿ ನೋಡಿದೆ. ಸೂರ್ಯ ಹೊರಗಿನಿಂದ ಬರುವ ಕರೆಂಟಿನಲ್ಲಿ ಉರಿಯುತ್ತಾನಂತೆ, ಧೂಮಕೇತುವಿನ ಬಾಲ ವಿದ್ಯುತ್ ಕಿಡಿಯಂತೆ, ಮಹಾರಾಷ್ಟ್ರದ ಲೋಣಾರ್‌ನಂಥ ದೊಡ್ಡ ಗುಂಡಿಗಳು ಸಿಡಿಲು ಹೊಡೆದು ಆದವಂತೆ. ಭಾನುವಾರ ಶಾಲೆ ಮಕ್ಕಳಿಗೆ ಇದನ್ನು ತೋರಿಸಬಹುದಾ ಅಂತ ಕೇಳಿದ್ದೀರಿ. ಬೇಡ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಬರೀ ಬೊಗಳೆ ಅಂತ ನಕ್ಕು ಬಿಡುವ ಹಾಗೂ ಇಲ್ಲ. ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುವುದು.

ಬಾಹ್ಯಾಕಾಶದಲ್ಲಿ ಕರೆಂಟ್ ಹರಿಯುತ್ತೆ ಅನ್ನುವುದು ನಿಜವಾದ ಅರ್ಧ. ಅದನ್ನು ವಿಜ್ಞಾನಿಗಳು ಮುಚ್ಚಿಟ್ಟಿದ್ದಾರೆ ಅನ್ನುವುದು ಮಾತ್ರ ಸುಳ್ಳು. ನಾರ್ವೆಯ ಬಿರ್ಕ್‌ಲ್ಯಾಂಡ್ ನೂರು ವರ್ಷದ ಹಿಂದೆಯೇ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಯಸ್ಕಾಂತದ ಗುಂಡು ಇಟ್ಟು, ಧ್ರುವಪ್ರಭೆಯಂಥ ಬೆಳಕು ಮಾಡಿ ತೋರಿಸಿದ್ದರು. ಅವರು ಹೇಳಿದ ಕರೆಂಟನ್ನು ಆಮೇಲೆ ಉಪಗ್ರಹಗಳು ಅಳೆದವು. ಪ್ಲಾಸ್ಮಾ, ಅಂದ್ರೆ ವಿದ್ಯುದಾವೇಶ ಇರುವ ಕಣಗಳ ಅನಿಲ, ಅದರ ಮೇಲಿನ ಕೆಲಸಕ್ಕೇ ಆಲ್ಫ್‌ವೇನ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಅಷ್ಟು ದೂರ ಯಾಕೆ, ನಮ್ಮಿಂದ ತೆಂಕಿಗೆ ಕೇರಳದ ತುಂಬಾ ಅನ್ನುವ ಊರಿನಲ್ಲಿ 1963ರಲ್ಲಿ ರಾಕೆಟ್ ಹಾರಿಸಲು ಶುರು ಮಾಡಿದ್ದಕ್ಕೆ ಒಂದು ದೊಡ್ಡ ಕಾರಣ, ಅಲ್ಲಿ ಸುಮಾರು 100 ಕಿ.ಮೀ. ಮೇಲೆ ಹಗಲು ಹೊತ್ತು ಜೋರಾಗಿ ಹರಿಯುವ ಕರೆಂಟೇ. ಮುಚ್ಚಿಡುವವರು ರಾಕೆಟ್ ಬಿಟ್ಟು ಅಳೀತಾರಾ?

ಇನ್ನು ಸೂರ್ಯ. ಹೊರಗಿನ ಕರೆಂಟ್ ಅಂದ ಮೇಲೆ ಅದು ಒಳಗೆ ಬರುವುದು ಕಾಣಬೇಕಲ್ವಾ? ಸೂರ್ಯನ ವ್ಯಾಟೇಜು ಅಂದ್ರೆ 38 ಬರೆದು ಮುಂದೆ 25 ಸೊನ್ನೆ. ಅಷ್ಟನ್ನು ಹೊತ್ತು ತರುವ ಎಲೆಕ್ಟ್ರಾನುಗಳು ಎಲ್ಲ ದಿಕ್ಕಿನಿಂದಲೂ ಸೂರ್ಯನ ಕಡೆ ನುಗ್ಗುತ್ತಿರಬೇಕು. ನಮ್ಮ ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಕೂತು ಇದೇ ಕಣಗಳನ್ನು ಎಣಿಸುತ್ತಿದೆ. ನಾಸಾದ ಪಾರ್ಕರ್ ನೌಕೆಯಂತೂ 2024ರ ಡಿಸೆಂಬರ್‌ನಲ್ಲಿ ಸೂರ್ಯನ ಮೈಯಿಂದ ಬರೀ 61 ಲಕ್ಷ ಕಿ.ಮೀ. ತನಕ ಹೋಗಿ ಬಂತು. ಸಿಕ್ಕಿದ್ದು ಹೊರಗೆ ಹೋಗುವ ಗಾಳಿ, ಪ್ರೋಟಾನೂ ಎಲೆಕ್ಟ್ರಾನೂ ಜೊತೆಜೊತೆಗೆ. ಒಳಗೆ ನುಗ್ಗುವ ಹೊಳೆ ಇಲ್ಲ.

ಸೂರ್ಯನೊಳಗೆ ಪರಮಾಣು ಬೆಸೆದು ಶಕ್ತಿ ಹುಟ್ಟುವಾಗ ನ್ಯೂಟ್ರಿನೊ ಅನ್ನುವ ಸಣ್ಣ ಕಣಗಳೂ ಹೊರಬರುತ್ತವೆ. "ನ್ಯೂಟ್ರಿನೊ ಲೆಕ್ಕಕ್ಕಿಂತ ಕಮ್ಮಿ ಸಿಕ್ಕಿದೆ, ಹಾಗಾಗಿ ಒಳಗೆ ಬೆಸುಗೆ ನಡೆಯುತ್ತಿಲ್ಲ" ಅಂತ ವಿಡಿಯೋದವರು ಹೇಳುವುದು ಹಳೇ ಸುದ್ದಿ. ಡೇವಿಸ್ ಅವರ ಪ್ರಯೋಗದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿದ್ದು ಹೌದು. ಆದರೆ ನ್ಯೂಟ್ರಿನೊ ದಾರಿಯಲ್ಲಿ ಜಾತಿ ಬದಲಿಸುತ್ತೆ. ಕೆನಡಾದ ಸಡ್ಬರಿ ಗಣಿಯೊಳಗಿನ ಪ್ರಯೋಗದಲ್ಲಿ ಮೂರೂ ಜಾತಿ ಸೇರಿಸಿ ಎಣಿಸಿದಾಗ, 2002ರ ಹೊತ್ತಿಗೆ, ಲೆಕ್ಕ ಸರಿಹೋಯಿತು. ಈಗ ನೀವು ಇದನ್ನು ಓದುವಾಗಲೂ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6500 ಕೋಟಿ ನ್ಯೂಟ್ರಿನೊ ದಾಟಿ ಹೋಗುತ್ತಿವೆ. ಹೊರಗಿನ ಕರೆಂಟಿನಿಂದ ಬೆಳಗುವ ದೀಪದಿಂದ ಅದು ಬರಲಿಕ್ಕಿಲ್ಲ. ವಿಡಿಯೋ ಮಾಡಿದವರು 2002ರ ಮುಂದೆ ಓದಲೇ ಇಲ್ಲ ಅಂತ ಕಾಣುತ್ತೆ.

ಧೂಮಕೇತು ಬರೀ ಒಣಕಲ್ಲು ಅನ್ನುವ ಅವರ ಮಾತು ಸುಳ್ಳು ಅಂತ ತೋರಿಸಲು ಯುರೋಪಿನ ರೊಸೆಟ್ಟಾ ನೌಕೆ ಸಾಕು. 2014ರಲ್ಲಿ 67ಪಿ ಧೂಮಕೇತುವಿನ ಪಕ್ಕದಲ್ಲೇ ಹೋಗಿ ನೀರಿನ ಆವಿ ಅಳೆಯಿತು, ಮೇಲೆ ಮಂಜುಗಡ್ಡೆಯನ್ನೂ ಕಂಡಿತು. ಆ ಧೂಮಕೇತುವಿನ ಸಾಂದ್ರತೆ ನೀರಿನ ಅರ್ಧದಷ್ಟೇ. ಅಷ್ಟು ಹಗುರದ ಗಟ್ಟಿ ಒಣಕಲ್ಲು ಎಲ್ಲಿದೆ? ಹಾಂ, ನೀಲಿ ಬಾಲ ಮಾತ್ರ ಪಕ್ಕಾ ಪ್ಲಾಸ್ಮಾ, ಅದನ್ನು ಮಕ್ಕಳಿಗೆ ಧೈರ್ಯವಾಗಿ ಹೇಳಿ.

ಲೋಣಾರ್ 1.8 ಕಿ.ಮೀ. ಅಗಲ. ಅಲ್ಲಿ ಕೊರೆದು ತೆಗೆದ ಕಲ್ಲಿನಲ್ಲೂ ಭಾರೀ ಒತ್ತಡಕ್ಕೆ ಗಾಜಾದ ಖನಿಜ ಸಿಕ್ಕಿದೆ, ಅಂದ್ರೆ ಮೇಲಿನಿಂದ ಬಂಡೆ ಬಂದು ಗುದ್ದಿದೆ. ಸಿಡಿಲು ಏನು ಮಾಡುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನ ಸುಳಿ ಸುಟ್ಟು, ಮಡಲು ಒಂದೊಂದಾಗಿ ಜೋತು ಬೀಳುತ್ತೆ. ಪದವಿನ ಬಯಲಿನಲ್ಲಿ ಕೆರೆಯಷ್ಟು ಗುಂಡಿ ಆದದ್ದನ್ನು ಯಾರಾದರೂ ಕಂಡಿದ್ದೀರಾ?

ವಿಡಿಯೋದಲ್ಲಿ ನನಗೆ ಹಿಡಿಸಿದ ಪ್ರಶ್ನೆ ಒಂದೇ. ಸೂರ್ಯನ ಮೈ ಸುಮಾರು 5500 ಡಿಗ್ರಿ, ಸುತ್ತಲಿನ ಹೊರಪದರ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತೆ, ಯಾಕೆ? ಕಾಂತಕ್ಷೇತ್ರದ್ದೇ ಕೆಲಸ ಅಂತ ಗೊತ್ತು, ಹೇಗೆ ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಯಾವುದಾದರೂ ಮಗು ಇದನ್ನು ಕೇಳಿದರೆ ಹಾಗೇ ಹೇಳಿ.

ಭಾನುವಾರ ವಿಡಿಯೋ ಬದಲು ಸೂರ್ಯನ ಮೈಮೇಲಿನ ಕಪ್ಪು ಕಲೆಗಳನ್ನೇ ತೋರಿಸಿ. ಕಲೆ ಕಪ್ಪಗಿರುವುದು ಸೂರ್ಯನ ಒಳಗೆ ತಣ್ಣಗಿರುವುದಕ್ಕೆ ಅಂತ ವಿಡಿಯೋದವರ ವಾದ. ಆದರೆ ಅಲ್ಲೂ ಸುಮಾರು 4000 ಡಿಗ್ರಿ ಇದೆ, ಸುತ್ತ ಅದಕ್ಕಿಂತ ಜಾಸ್ತಿ ಹೊಳೆಯುವುದಕ್ಕೆ ಕಪ್ಪಾಗಿ ಕಾಣುತ್ತೆ ಅಷ್ಟೇ. ಅಲ್ಲಿ ಬಲವಾದ ಕಾಂತಕ್ಷೇತ್ರ ಇದೆ ಅಂತ ಅಮೆರಿಕದ ವಿಜ್ಞಾನಿ ಹೇಲ್ 1908ರಲ್ಲೇ ಅಳೆದಿದ್ದರು. ಮರುವರ್ಷ ನಮ್ಮ ಕೊಡೈಕನಾಲ್‌ನಲ್ಲಿ ಎವರ್‌ಶೆಡ್ ಕಲೆಯಿಂದ ಹೊರಗೆ ಹರಿಯುವ ಅನಿಲ ಕಂಡರು.

ಚಿಕ್ಕ ದೂರದರ್ಶಕ ಸಾಕು. ಐಪೀಸಿನ (ಕಣ್ಣಿಡುವ ತುದಿಯ ಮಸೂರದ) ಹಿಂದೆ ಒಂದಡಿ ದೂರದಲ್ಲಿ ಬಿಳಿ ರಟ್ಟು ಹಿಡಿದು, ಸೂರ್ಯನ ಬಿಂಬ ಬೀಳಿಸಿ. ಫೋಕಸ್ ಸರಿಯಾದರೆ ಕಲೆಯ ಕಪ್ಪು ನಡುಭಾಗ, ಸುತ್ತ ಬೂದು ಅಂಚು, ಎರಡೂ ಬೇರೆಬೇರೆ ಕಾಣುತ್ತೆ. ಮಕ್ಕಳು ಪೆನ್ಸಿಲಿನಲ್ಲಿ ಗುರುತು ಹಾಕಲಿ. ಮರುದಿನ ಅದೇ ಹೊತ್ತಿಗೆ ನೋಡಿದರೆ ಕಲೆ ಸರಿದಿರುತ್ತೆ. ಐಪೀಸಿಗೆ ಯಾರೂ ಕಣ್ಣಿಡಬಾರದು. ಪಕ್ಕದಲ್ಲಿರುವ ಪುಟ್ಟ ದೂರದರ್ಶಕ, ಅಂದ್ರೆ ಫೈಂಡರಿಗೆ ಮುಚ್ಚಳ ಹಾಕಿಡಿ, ಪ್ಲಾಸ್ಟಿಕ್ ಐಪೀಸ್ ಬೇಡ, ಕರಗುತ್ತೆ. 2019ರ ಡಿಸೆಂಬರ್‌ನಲ್ಲಿ ಚೆರುವತ್ತೂರಿನ ಕಂಕಣ ಗ್ರಹಣಕ್ಕೆ ಕೊಂಡ ಕನ್ನಡಕ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಗೀರು ಬಿದ್ದಿದ್ದರೆ ಬಿಸಾಡಿ. ದೂರದರ್ಶಕಕ್ಕೆ ಕಣ್ಣಿಡಲು ಅದು ಹೊಸತಿದ್ದಾಗಲೂ ಆಗುವುದಿಲ್ಲ.