ಹಳೇ ಕಾರಿಗೆ ಕಪ್ಪು ಕೋಟಿಂಗ್ ಬೇಡ, ಎಣ್ಣೆ ಹೊಡೆಸಿ

ಮೈಸೂರಿಂದ ಕೆನಡಾದ ಮಿಸ್ಸಿಸಾಗಾಕ್ಕೆ ಬಂದು ಮೂರು ತಿಂಗಳಾಯ್ತು, ಹತ್ತು ವರ್ಷ ಹಳೇ ಕಾರು ತಗೊಂಡಿದ್ದೇನೆ, ಅಡಿಗೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಅದು ಬೇಕಾ ಇಲ್ಲ ಸುಮ್ನೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ಖಂಡಿತ ಬೇಕು. ಆದರೆ ಯಾವುದು ಅನ್ನೋದು ಮುಖ್ಯ.

ಮೈಸೂರಲ್ಲಿ ಕಾರಿನ ಅಡಿ ಬಗ್ಗೆ ನಾವು ಯಾವತ್ತೂ ಯೋಚನೆ ಮಾಡಿದವರಲ್ಲ. ಇಲ್ಲಿ ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಹಿಮ ಕರಗಲಿ ಅಂತ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮ ಬೀಳುವ ಮುಂಚೆಯೇ ಕೆಲವು ರಸ್ತೆಗಳಿಗೆ ಉಪ್ಪುನೀರು ಬಿಟ್ಟಿರುತ್ತಾರೆ, ಬಿಳಿ ಗೆರೆ ಎಳೆದ ಹಾಗೆ ಕಾಣುತ್ತದಲ್ಲ, ಅದೇ. ಚಕ್ರ ಎರಚಿದ ಆ ನೀರು ಅಡಿಯ ಸಂದಿಗೊಂದಿಗೆಲ್ಲ ಹೋಗಿ ಕೂತು ತುಕ್ಕು ಹಿಡಿಸುತ್ತದೆ.

ನನಗೆ ಇದು ಗೊತ್ತಾಗಿದ್ದು ನಾಲ್ಕನೇ ಚಳಿಗಾಲದಲ್ಲಿ. ಜನವರಿ ಬೆಳಗ್ಗೆ ಕಾರು ಹಿಂದಕ್ಕೆ ತೆಗೆಯುವಾಗ ಠಣ್ ಅಂತ ಸದ್ದಾಯ್ತು. ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆತ್ತಿ ನೋಡಿದರೆ ಹಿಂದಿನ ಚಕ್ರದ ಹತ್ತಿರ ಕಾರಿನ ಭಾರ ಹೊರುವ ಕಾಯಿಲ್ ಸ್ಪ್ರಿಂಗಿನ ಕೆಳಗಿನ ಸುತ್ತು ತುಂಡಾಗಿ ಬಿದ್ದಿತ್ತು. ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಮುರಿದ ಜಾಗದಲ್ಲಿ ಅರ್ಧ ಹೊಳೆಯುತ್ತಿತ್ತು, ಇನ್ನರ್ಧ ಕಂದು ಬಣ್ಣಕ್ಕೆ ತಿರುಗಿತ್ತು, ಅಂದರೆ ಬಿರುಕು ಬಿಟ್ಟು ಎಷ್ಟೋ ದಿನ ಆಗಿತ್ತು. ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಉಪ್ಪು ಬೆರೆತ ಕೆಸರು ಒದ್ದೆಯಾಗೇ ಇರುತ್ತದೆ, ಕಲ್ಲು ಬಡಿದು ಪೇಂಟ್ ಎದ್ದ ಕಡೆ ತುಕ್ಕು ತಿಂದು ಸಣ್ಣ ಗುಳಿ ಬೀಳುತ್ತದೆ, ಅಲ್ಲಿಂದಲೇ ಬಿರುಕು ಶುರು. ಮಕ್ಕಳನ್ನು ಕೂರಿಸಿಕೊಂಡು 401 ಹೈವೇಯಲ್ಲಿ ಹೋಗುವಾಗ ಅದು ಮುರಿದು ಟೈರಿಗೆ ಚುಚ್ಚಿದ್ದರೆ ಅಂತ ಈಗಲೂ ಎದೆ ಝಲ್ಲೆನ್ನುತ್ತದೆ.

ರಬ್ಬರಿನ ಹಾಗೆ ಗಟ್ಟಿಯಾಗುವ ಕಪ್ಪು ಕೋಟಿಂಗ್ ಹೊಚ್ಚಹೊಸ ಕಾರಿಗಾದರೆ ಸರಿ. ನಿಮ್ಮದಕ್ಕೆ ಬೇಡ. ಈಗಾಗಲೇ ಇರುವ ತುಕ್ಕನ್ನು ಅದು ಮುಚ್ಚಿಬಿಡುತ್ತದೆ, ಆಮೇಲೆ ಬಿರುಕು ಬಿಟ್ಟರೆ ಒಳಗೆ ಹೋದ ನೀರು ಆರುವುದಿಲ್ಲ, ಮೆಕ್ಯಾನಿಕ್ಕಿಗೂ ಏನೂ ಕಾಣುವುದಿಲ್ಲ. ನಿಮಗೆ ಬೇಕಾಗಿರೋದು ಎಣ್ಣೆ ಸ್ಪ್ರೇ. ಕ್ರೌನ್, ರಸ್ಟ್ ಚೆಕ್ ಅಂತ ಇಲ್ಲಿನ ಕಂಪನಿಗಳೇ ಇವೆ. ಫ್ಲೂಯಿಡ್ ಫಿಲ್ಮ್ ಅನ್ನೋದನ್ನು ಕುರಿ ಉಣ್ಣೆಯ ಜಿಡ್ಡಿನಿಂದ ಮಾಡುತ್ತಾರೆ, ಡಬ್ಬಿ ತಂದು ನೀವೇ ಹೊಡೆಯಬಹುದು. ಎಣ್ಣೆ ಸಂದಿಗೆ ಹರಿದು ಇಳಿಯುತ್ತದೆ, ಅದೇ ಅದರ ಗುಣ. ಆದರೆ ತೊಳೆದು ಹೋಗುತ್ತದೆ, ಆದ್ದರಿಂದ ಪ್ರತಿ ವರ್ಷ ಹೊಡೆಸಲೇಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಡಿ ತೊಳೆದು ಚೆನ್ನಾಗಿ ಒಣಗಿದ ಮೇಲೆ ಮಾಡಿಸಿ. ಸ್ಪ್ರಿಂಗ್ ತಟ್ಟೆ, ಸಬ್‌ಫ್ರೇಮ್ (ಅಡಿಯಲ್ಲಿರುವ ಕಬ್ಬಿಣದ ಚೌಕಟ್ಟು), ಕಂಟ್ರೋಲ್ ಆರ್ಮಿನ (ಚಕ್ರವನ್ನು ಹಿಡಿದಿರುವ ತೋಳು) ವೆಲ್ಡಿಂಗ್, ಬ್ರೇಕ್ ಪೈಪು ಇಷ್ಟನ್ನೂ ಹೆಸರು ಹೇಳಿ ಕೇಳಿ. ಬ್ರೇಕ್ ಡಿಸ್ಕಿಗೆ ಮಾತ್ರ ಒಂದು ಹನಿಯೂ ತಾಗಬಾರದು.

ಹೊಡೆಸುವ ಮುಂಚೆ ಒಂದು ಸಲ ಲಿಫ್ಟ್ ಮೇಲೆ ನೋಡಿಸಿ. ಹಳೇ ಕಾರು ಹೆಸರಿಗೆ ಮಾಡಿಸಿಕೊಳ್ಳುವಾಗ ಕೊಡುವ ಸೇಫ್ಟಿ ಸರ್ಟಿಫಿಕೇಟ್ ಇದೆಯಲ್ಲ ಅಂತ ಬಿಡಬೇಡಿ, ಅದು ನಡೆಯುವುದೇ 36 ದಿನ, ಪರೀಕ್ಷೆ ಮಾಡಿದ ದಿನ ಹೇಗಿತ್ತೋ ಅಷ್ಟನ್ನೇ ಹೇಳುತ್ತದೆ. ಸ್ಕ್ರೂಡ್ರೈವರಿನಲ್ಲಿ ತಟ್ಟಿದಾಗ ಸಬ್‌ಫ್ರೇಮಿನಿಂದ ಹಕ್ಕಳೆ ಹಕ್ಕಳೆಯಾಗಿ ಉದುರಿದರೆ ಎಣ್ಣೆಯಿಂದ ಏನೂ ಆಗುವುದಿಲ್ಲ, ಮೊದಲು ರಿಪೇರಿ. ಹೊಡೆಸಿದ ಮೇಲೆ ಒಂದೆರಡು ದಿನ ಎಣ್ಣೆ ತೊಟ್ಟಿಕ್ಕುತ್ತದೆ, ಬಾಡಿಗೆ ಮನೆ ಅಂಗಳ ಅಲ್ವಾ, ಕೆಳಗೆ ರಟ್ಟು ಹಾಸಿ. ಲಿಫ್ಟ್ ಮೇಲಿದ್ದಾಗ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.