ಜೆನ್4 ಎಸ್‌ಎಸ್‌ಡಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಲ್ಯಾಪ್‌ಟಾಪಿಗೆ ಜೆನ್4 ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲು ಹಾಕುವ, ಚಿಪ್ಪಿನಲ್ಲಿ ಫೈಲ್ ಇಡುವ ಡ್ರೈವ್) ತಗೊಳ್ಳಲಾ ಅಂತ ಕೇಳಿದ್ದೀರಿ. ಆದರೆ ಅದನ್ನು ಕೂರಿಸುವ ಸ್ಲಾಟು ಜೆನ್3, ಅಂದ್ರೆ ಒಂದು ತಲೆಮಾರು ಹಿಂದಿನದು, ಜೆನ್4ರ ಅರ್ಧ ವೇಗದ್ದು, ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ತುಮಕೂರಿನ ಅಂಗಡಿಯವರು ತೋರಿಸಿದ 512 ಜಿಬಿಯ ಜೆನ್4 ಯಾಕೆ ಸಾರ್? ಡಬ್ಬದ ಮೇಲೆ ಸೆಕೆಂಡಿಗೆ 7,000 ಎಂಬಿ ಅಂತ ಇದ್ದರೂ ನಿಮ್ಮಲ್ಲಿ ಅದು 3,500ರ ಆಸುಪಾಸಿಗೇ ನಿಲ್ಲುತ್ತದೆ.

ಟ್ಯಾಲಿ, ನುಡಿ, ಬ್ರೌಸರ್‌ಗೆ ಸಾಟಾ (ಇನ್ನೂ ನಿಧಾನದ, ಹಳೇ ಬಗೆಯ ಎಸ್‌ಎಸ್‌ಡಿ) ಕೂಡ ಧಾರಾಳ. ಆದರೆ ಮದುವೆ ವಿಡಿಯೊ ಎಡಿಟ್ ಮಾಡ್ತೀನಿ, ಪೋರ್ಟಬಲ್ ಎಸ್‌ಎಸ್‌ಡಿಯಿಂದ 200 ಜಿಬಿ ಒಟ್ಟಿಗೆ ಕಾಪಿ ಮಾಡ್ತೀನಿ ಅಂದಿದ್ದೀರಲ್ವಾ, ಅಲ್ಲಿದೆ ವಿಷಯ. ಒಳಗಿರುವ ಮೆಮೊರಿ ಚಿಪ್ಪು ಟಿಎಲ್‌ಸಿಯೋ (ಒಂದು ಕೋಶದಲ್ಲಿ ಮೂರು ಬಿಟ್) ಕ್ಯೂಎಲ್‌ಸಿಯೋ (ನಾಲ್ಕು ಬಿಟ್) ಕೇಳಿ. ಅಗ್ಗದ ಕ್ಯೂಎಲ್‌ಸಿ ಮೊದಲು ಕ್ಯಾಶ್‌ಗೆ, ಅಂದ್ರೆ ಬೇಗ ಬರೆಯಬಹುದಾದ ತಾತ್ಕಾಲಿಕ ಜಾಗಕ್ಕೆ, ಬರೆಯುತ್ತದೆ, ಆಗ ಜೋರು ಓಟ. ಕ್ಯಾಶ್ ತುಂಬಿತೋ, ಕೆಲವು ಡ್ರೈವ್‌ಗಳು ಸೆಕೆಂಡಿಗೆ 100 ಎಂಬಿ ಹತ್ತಿರಕ್ಕೆ ಇಳಿದುಬಿಡುತ್ತವೆ. ಅಂದ್ರೆ ಹಳೇ ಹಾರ್ಡ್‌ಡಿಸ್ಕಿನ ಲೆಕ್ಕವೇ! ಡ್ರೈವ್ ಮುಕ್ಕಾಲು ತುಂಬಿದ್ದರೆ ಸಾಮಾನ್ಯವಾಗಿ ಆ ಕ್ಯಾಶೂ ಕುಗ್ಗುತ್ತದೆ. ಬೆಂಚ್‌ಮಾರ್ಕ್ (ವೇಗ ಅಳೆಯುವ ತಂತ್ರಾಂಶ) ಹಾಕಿ ತೋರಿಸುವಾಗ ಇದ್ಯಾವುದೂ ಕಾಣಲ್ಲ, ಯಾಕಂದ್ರೆ ಅದು ಒಂದೆರಡು ಜಿಬಿ ಬರೆದು ಸುಮ್ನಾಗುತ್ತದೆ.

ನಾನಾದರೆ ಅದೇ ದುಡ್ಡಿಗೆ 1 ಟಿಬಿಯ ಜೆನ್3 ಟಿಎಲ್‌ಸಿ ಸಿಗುತ್ತಾ ನೋಡುತ್ತೇನೆ. ಡ್ರೈವ್‌ನಲ್ಲೇ ಡಿರ್ಯಾಮ್ (ವೇಗದ ಕೆಲಸದ ಮೆಮೊರಿ) ಇಲ್ಲದಿದ್ರೂ ಎಚ್‌ಎಂಬಿ, ಅಂದ್ರೆ ಲ್ಯಾಪ್‌ಟಾಪಿನ ರ‍್ಯಾಮ್‌ನಲ್ಲೇ ಸ್ವಲ್ಪ ಬಳಸಿಕೊಳ್ಳುವ ಸೌಲಭ್ಯ, ಇದ್ದರೆ ನಡೆಯುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಕಮ್ಮಿ ಅಂತ ಹೊರಡುವ ಮುಂಚೆ ಬಸ್ ಚಾರ್ಜೂ ಸೇರಿಸಿಕೊಳ್ಳಿ. ಎಲ್ಲೇ ತಗೊಂಡರೂ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ವಾರಂಟಿಗೆ ಬೇಕಾಗುತ್ತದೆ.