ಮನೆಯಲ್ಲಿ ನಾಯಿ, ಬೆಕ್ಕು ಇವೆ. ಹಿತ್ತಲಿನ ಕಳೆಗೆ ಯಾವ ಔಷಧಿ ಹೊಡೆಸಬಹುದು?

ನೀವು ಕೇಳಿರುವುದು ಇಷ್ಟು: ಚಿಕ್ಕಮಗಳೂರಿನಲ್ಲಿ ಮನೆ, ಹಿಂದೆ ಮೂರು ಗುಂಟೆ ಹಿತ್ತಲು, ಮಳೆ ಹಿಡಿದ ಮೇಲೆ ಮೊಣಕಾಲುದ್ದ ಕಳೆ. ಲ್ಯಾಬ್ರಡಾರ್ ಒಂದು, ಬೆಕ್ಕು ಎರಡು. ತೋಟದ ಕೆಲಸದವರು ‘ಒಂದೆರಡು ಪಂಪ್ ಔಷಧಿ ಹೊಡೆದರೆ ಎಲ್ಲ ಸುಟ್ಟು ಹೋಗುತ್ತೆ’ ಅನ್ನುತ್ತಾರೆ, ಪಕ್ಕದ ಮನೆಯವರು ಉಪ್ಪು-ವಿನೆಗರ್ ಹಾಕಿ ಅನ್ನುತ್ತಾರೆ.

ಎರಡೂ ಬೇಡ. ಮೂರು ಗುಂಟೆ ಅಂದರೆ ಇಬ್ಬರು ಆಳುಗಳ ಒಂದೆರಡು ದಿನದ ಕೆಲಸ. ಅಷ್ಟಕ್ಕೆ ಔಷಧಿಯ ಗೊಡವೆಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಔಷಧಿಗಿಂತ ದೊಡ್ಡ ಅಪಾಯ ಆ ಪಂಪಿನಲ್ಲಿದೆ. ನಮ್ಮ ಕಡೆ ಹುಲ್ಲಿಗೆ ಹೊಡೆಯುವುದೆಲ್ಲಕ್ಕೂ ‘ರೌಂಡಪ್’ ಎಂದೇ ಹೆಸರು. ಒಳಗಿರುವುದು ಗ್ಲೈಫೋಸೇಟ್ ಆಗಿರಬಹುದು, 2,4-ಡಿ ಆಗಿರಬಹುದು, ಪ್ಯಾರಾಕ್ವಾಟ್ ಕೂಡ ಆಗಿರಬಹುದು. ಮೂರೂ ಒಂದೇ ತರಹದವಲ್ಲ. ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಮೊದಲು ವಾಂತಿ, ಬಾಯಲ್ಲಿ ಹುಣ್ಣು. ಪ್ರಾಣಿ ಸ್ವಲ್ಪ ಚೇತರಿಸಿದಂತೆ ಕಂಡು, ಕೆಲವು ದಿನಗಳ ಮೇಲೆ ಶ್ವಾಸಕೋಶ ಕೆಟ್ಟು ಉಸಿರು ಕಟ್ಟುತ್ತದೆ. 2,4-ಡಿಯನ್ನು ಮೂತ್ರದಲ್ಲಿ ಹೊರಹಾಕುವ ಶಕ್ತಿ ನಾಯಿಗಳಿಗೆ ಕಡಿಮೆ. ಹಾಗಾಗಿ ಬೇರೆ ಪ್ರಾಣಿಗಳಿಗಿಂತ ನಾಯಿಗೆ ಅದು ಹೆಚ್ಚು ಬಾಧಿಸುತ್ತದೆ: ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಹಿಂಗಾಲು ಬಿಗಿಯುತ್ತದೆ. ಗ್ಲೈಫೋಸೇಟ್ ಇವೆರಡಕ್ಕಿಂತ ಸೌಮ್ಯ, ಆದರೆ ಎಲೆಗೆ ಅಂಟಲೆಂದು ಅದಕ್ಕೆ ಬೆರೆಸುವ ಸೋಪಿನಂಥ ದ್ರವ ಜೊಲ್ಲು, ವಾಂತಿ ತರಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರ ಕೈಯಲ್ಲಿ ಮಾತ್ರ ಹೊಡೆಸಬೇಕೆಂದು ಅಧಿಸೂಚನೆ ಹೊರಡಿಸಿತು; ಮನೆ ಹಿತ್ತಲಿಗೆ ಯಾರೋ ಬಂದು ಹೊಡೆದು ಹೋಗುವ ಸರಕು ಅದಲ್ಲ. ಇನ್ನು, ನಿನ್ನೆ ತೋಟದಲ್ಲಿ ಏನು ಹೊಡೆದ ಪಂಪೋ ಅದೇ ಇವತ್ತು ನಿಮ್ಮ ಮನೆಗೆ ಬರುತ್ತದೆ. ತೊಳೆದಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ.

‘ಒಣಗುವ ತನಕ ನಾಯಿ ಬಿಡಬೇಡಿ’ ಎಂಬ ಸಲಹೆ ಬಯಲುಸೀಮೆಯ ಬಿಸಿಲಿಗೆ ಸರಿ. ಜುಲೈನ ಜಡಿಮಳೆಯಲ್ಲಿ ಎಲೆ ಒಣಗುವುದು ಯಾವಾಗ? ಒದ್ದೆ ಹುಲ್ಲಲ್ಲಿ ಓಡಾಡಿದ ನಾಯಿ ಪಾದ ನೆಕ್ಕುತ್ತದೆ, ಬೆಕ್ಕಂತೂ ಮೈಯೆಲ್ಲ ನೆಕ್ಕಿಕೊಳ್ಳುತ್ತದೆ.

ಉಪ್ಪಿನ ವಿಚಾರ ಚಿಕ್ಕದು. ಕಳೆ ಸಾಯುವಷ್ಟು ಉಪ್ಪು ಸುರಿದರೆ ಮಣ್ಣೂ ಕೆಡುತ್ತದೆ, ಮಳೆ ನೀರಲ್ಲಿ ಹರಿದು ದಾಸವಾಳದ ಬುಡಕ್ಕೂ ಹೋಗುತ್ತದೆ. ಹೆಚ್ಚು ನೆಕ್ಕಿದ ನಾಯಿಗೆ ಉಪ್ಪೇ ವಿಷ. ಅಡುಗೆ ವಿನೆಗರ್ ಎಳೆ ಸಸಿಯ ಎಲೆ ಸುಡುತ್ತದೆ ಅಷ್ಟೆ, ಬೇರಿಗೆ ಏನೂ ಆಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮಳೆ ಒಂದು ದಿನ ಹೊಳವಾದಾಗ, ಮಣ್ಣು ಮೆತ್ತಗಿರುವಾಗಲೇ ಕೀಳಿಸಿ. ನಾಯಿತುಳಸಿ, ಕಾಂಗ್ರೆಸ್ ಗಿಡ ಇಂಥವು ಬೇರು ಸಮೇತ ಕೈಗೆ ಬರುತ್ತವೆ. ಮುಟ್ಟಿದರೆ ಮುನಿಗೆ ಗುದ್ದಲಿ ಬೇಕು. ಹೂ ಬಿಡುವ ಮೊದಲು ಕಿತ್ತರೆ ಮಾತ್ರ ಲಾಭ. ಒಂದು ಕಾಂಗ್ರೆಸ್ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಯ ಹೊಟ್ಟೆಯ ಕೂದಲಿಲ್ಲದ ಚರ್ಮಕ್ಕೂ ಅದು ತುರಿಕೆ ತರಬಹುದು.

ವೀಡ್ ಕಟ್ಟರ್ ತರಿಸಿದರೆ ಬ್ಲೇಡ್ ಬದಲು ನೈಲಾನ್ ದಾರ ಹಾಕಿಸಿ, ನಾಯಿಯನ್ನು ಒಳಗೆ ಕೂಡಿ. ಕಲ್ಲು ಸಿಡಿದರೆ ಕಣ್ಣು ಹೋಗುತ್ತದೆ; ಹದಿನೈದು ಮೀಟರ್ ಒಳಗೆ ಯಾರೂ ಇರಬಾರದು.

ಜೇಕು ಇದ್ದರೆ ಅದೇ ನಿಜವಾದ ತಲೆನೋವು. ಎಳೆದರೆ ಮೇಲಿನ ಹುಲ್ಲು ಕುತ್ತಿಗೆಯಲ್ಲಿ ಪಟಕ್ಕನೆ ಕಿತ್ತು ಬರುತ್ತದೆ, ಗಡ್ಡೆ ಕೆಳಗೇ ಉಳಿದು ವಾರದೊಳಗೆ ಮತ್ತೆ ಚಿಗುರುತ್ತದೆ. ಕೈ ಫೋರ್ಕನ್ನು ಬುಡದಿಂದ ನಾಲ್ಕು ಬೆರಳು ಆಚೆ ಚುಚ್ಚಿ, ಮಣ್ಣನ್ನು ಹೆಂಟೆಯಾಗಿಯೇ ಎತ್ತಿ ಪುಡಿ ಮಾಡಿ. ಅರ್ಧ ಗೇಣು ಆಳದಲ್ಲಿ ಕಪ್ಪಗೆ, ಗಟ್ಟಿಯಾಗಿ, ಕಡಲೆಕಾಳಿಗಿಂತ ತುಸು ದೊಡ್ಡ ಗಡ್ಡೆ ಸಿಗುತ್ತದೆ. ಅದರಿಂದ ತಂತಿಯಂಥ ಬೇರು ಹೊರಟು ಮುಂದಿನ ಗಡ್ಡೆಗೆ ಹೋಗಿರುತ್ತದೆ. ಆ ದಾರ ಹಿಡಿದೇ ಹೋಗಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮತ್ತೆ ಮೊಳೆತದ್ದನ್ನು ಎರಡು ಮೂರು ವಾರದೊಳಗೆ, ಹೊಸ ಗಡ್ಡೆ ಕಟ್ಟುವ ಮೊದಲೇ ತೆಗೆಯುತ್ತಾ ಹೋದರೆ ಸೊರಗುತ್ತದೆ. ಕಿತ್ತ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಬಚ್ಚಲ ಒಲೆಗೆ ಹಾಕಿ.

ಗರಿಕೆಯನ್ನು ನಾನಾದರೆ ಕೀಳುವುದಿಲ್ಲ. ನಾಯಿ ಓಡಾಡುವ ಜಾಗಕ್ಕೆ ಅದಕ್ಕಿಂತ ಗಟ್ಟಿ ಹಾಸು ಬೇರೊಂದಿಲ್ಲ, ನಾಯಿ ಅದನ್ನು ತಿಂದರೂ ಚಿಂತೆಯಿಲ್ಲ. ಎರಡು ಇಂಚಿಗೆ ಕತ್ತರಿಸಿಟ್ಟರೆ ಉಣ್ಣೆಹುಳದ (ಉಣುಗಿನ) ಕಾಟವೂ ಕಡಿಮೆ, ಹಾವು ಇದ್ದರೆ ಕಣ್ಣಿಗೂ ಬೀಳುತ್ತದೆ.

ಗಿಡಗಳ ಬುಡಕ್ಕೆ ಮುಚ್ಚಿಗೆ ಹಾಕಿದರೆ ಮತ್ತೆ ಕಳೆ ಏಳುವುದು ತೀರಾ ಕಡಿಮೆ. ಕೆಳಗೆ ಹಳೆ ಪೇಪರ್ ಎಂಟು ಹಾಳೆ ಅಥವಾ ರಟ್ಟು, ಮೇಲೆ ಮೂರು ನಾಲ್ಕು ಇಂಚು ದಪ್ಪ ಸಿಲ್ವರ್ ಓಕ್ ಎಲೆ, ಅಡಿಕೆ ಸಿಪ್ಪೆ ಅಥವಾ ಭತ್ತದ ಹುಲ್ಲು. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಮಳೆಗೆ ಬುಡ ಕೊಳೆಯುತ್ತದೆ. ಬೆಕ್ಕು ಕೆದಕಿದರೆ ಮೇಲೆ ಕೋಳಿ ಜಾಲರಿ ಹಾಸಿ, ಅಂಚನ್ನು ಕಲ್ಲಿಟ್ಟು ಒತ್ತಿ. ಜೇಕು ಮಾತ್ರ ರಟ್ಟನ್ನೂ ಚುಚ್ಚಿಕೊಂಡು ಬರುತ್ತದೆ, ಮೊದಲು ಅದನ್ನು ಮುಗಿಸಿಯೇ ಮುಚ್ಚಿಗೆ ಹಾಕಿ.

ಇಲ್ಲೇ ನಮ್ಮ ಜಿಲ್ಲೆಯವರು ಎಡವುವುದು: ಹತ್ತಿರದಲ್ಲೇ ಸಿಗುತ್ತದೆಂದು ಕಾಫಿ ಹೊಟ್ಟು ತಂದು ಸುರಿಯುತ್ತಾರೆ. ಕಾಫಿ ಹಣ್ಣನ್ನು ಇಡಿಯಾಗಿ ಒಣಗಿಸಿ ಬಿಡಿಸಿದಾಗ ಬರುವ ಚೆರ್ರಿ ಹೊಟ್ಟಿನಲ್ಲಿ ಹಣ್ಣಿನ ಸಿಪ್ಪೆ, ತಿರುಳು ಎರಡೂ ಇರುತ್ತವೆ. ಒಣ ತೂಕದಲ್ಲಿ ಶೇ 1ರ ಆಸುಪಾಸು ಕೆಫೀನ್ ಇರಬಹುದು. ಕಿಲೋ ತೂಕಕ್ಕೆ 20 ಮಿಲಿಗ್ರಾಂ ಕೆಫೀನ್ ಹೋದರೆ ನಾಯಿಗೆ ತಳಮಳ, ವಾಂತಿ ಶುರುವಾಗುತ್ತದೆ. 30 ಕಿಲೋ ಲ್ಯಾಬ್ರಡಾರ್‌ಗೆ ಅದು 600 ಮಿಲಿಗ್ರಾಂ, ಅಂದರೆ ಸುಮಾರು 60 ಗ್ರಾಂ ಹೊಟ್ಟು. ಸಿಕ್ಕಿದ್ದನ್ನೆಲ್ಲ ತಿನ್ನುವ ಲ್ಯಾಬ್ರಡಾರ್‌ಗೆ ಅದೇನು ಮಹಾ? ಹಸಿ ಪಲ್ಪ್ (ಹಸಿ ಹಣ್ಣಿನಿಂದ ಬೀಜ ಬಿಡಿಸಿದಾಗ ಉಳಿಯುವ ಸಿಪ್ಪೆ, ತಿರುಳು) ಕೂಡ ಬೇಡ. ಗೊಬ್ಬರವೆಂದು ಬುಡಕ್ಕೆ ಹಾಕುವ ಹರಳು ಹಿಂಡಿ ಇನ್ನೂ ಕೆಟ್ಟದ್ದು. ನಾಯಿಗಳು ಅದನ್ನು ಇಷ್ಟಪಟ್ಟು ತಿನ್ನುತ್ತವೆ, ಅದರಲ್ಲಿರುವ ರಿಸಿನ್ ಎಂಬ ವಿಷ ಪ್ರಾಣ ತೆಗೆಯುತ್ತದೆ. ಬೇವಿನ ಹಿಂಡಿ ತರುವಾಗ ಹರಳು ಹಿಂಡಿ ಬೆರಕೆ ಇಲ್ಲವೆಂದು ಕೇಳಿ ತನ್ನಿ.

ಮುಚ್ಚಿಗೆ ಹಾಕಿದ ಮೇಲೆ ಬಸವನಹುಳು ಸೇರುತ್ತವೆ, ಆಗ ಯಾರಾದರೂ ಅವನ್ನು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಕೊಡುತ್ತಾರೆ. ಅದನ್ನು ಮನೆಗೇ ತರಬೇಡಿ. ನಾಯಿ ಅದನ್ನು ತಿಂಡಿಯೆಂದೇ ತಿನ್ನುತ್ತದೆ, ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಸಿಪ್ಪೆ ಇಟ್ಟು, ಬೆಳಿಗ್ಗೆ ಚೀಲ ಎತ್ತಿ ಹುಳು ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕಿದರೆ ಸಾಕು.

ಇಂಟರ್‌ಲಾಕ್ ಸಂದಿಯ ಹುಲ್ಲಿಗೆ ಕುದಿಯುವ ನೀರು ಹೊಯ್ಯಿರಿ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ಆ ಹೊತ್ತಿಗೆ ನಾಯಿ ಕಟ್ಟಿರಲಿ. ಪಾಚಿಗೆ ಬ್ಲೀಚಿಂಗ್ ಪುಡಿ ಎರಚುವವರು ಚೆನ್ನಾಗಿ ತೊಳೆದ ಮೇಲಷ್ಟೇ ನಾಯಿ ಬಿಡಬೇಕು. ಗಟ್ಟಿ ಪೊರಕೆಯಲ್ಲಿ ಉಜ್ಜಿದರೆ ಪುಡಿಯೇ ಬೇಕಾಗುವುದಿಲ್ಲ.

ಬರುವ ವರ್ಷಕ್ಕೆ ಮಾರ್ಚ್-ಏಪ್ರಿಲ್‌ನ ಹೂಮಳೆಗೆ ಮೊದಲ ಕಳೆ ಎದ್ದಾಗಲೇ ಕೆತ್ತಿಸಿ. ತರಕಾರಿ ಮಡಿ ಖಾಲಿ ಇದ್ದರೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಡಿ. ಮೇಲ್ಪದರದ ಬೀಜ ಬೇಯುತ್ತದೆ. ನಾಯಿಯ ಉಗುರು ಒಂದು ತೂತು ಮಾಡಿದರೂ ಕಾವು ಹೋಗುತ್ತದೆ, ಸುತ್ತ ಬೇಲಿ ಇರಲಿ. ಜೇಕಿನ ಗಡ್ಡೆ ಇದಕ್ಕೂ ಬಗ್ಗುವುದಿಲ್ಲ.

ಪಕ್ಕದ ಜಾಗದಲ್ಲಿ ಯಾರೋ ಹೊಡೆದದ್ದು ನಿಮ್ಮ ನಾಯಿಗೆ ತಾಗಿದೆ ಅನ್ನಿ. ಕೈಗವಸು ಹಾಕಿಕೊಂಡು ಪಾದ, ಹೊಟ್ಟೆಯನ್ನು ಸೌಮ್ಯ ಶಾಂಪೂ ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ, ನೆಕ್ಕಲು ಬಿಡಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹೊಡೆದವರಿಂದ ಬಾಟಲಿ ಕೇಳಿ ಪಡೆದು, ಸಿಗದಿದ್ದರೆ ಲೇಬಲ್‌ನ ಫೋಟೋ ತೆಗೆದುಕೊಂಡು ಪಶುವೈದ್ಯರ ಬಳಿ ಹೋಗಿ. ಹಾಸನದ ಸುತ್ತಮುತ್ತಲಿನವರಿಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಲೇಬಲ್ ಮೇಲೆ ಪ್ಯಾರಾಕ್ವಾಟ್ ಎಂದಿದ್ದರೆ, ನಾಯಿ ಚೆನ್ನಾಗಿಯೇ ಓಡಾಡುತ್ತಿದ್ದರೂ ಲಕ್ಷಣ ಕಾಣಲೆಂದು ಕಾಯಬೇಡಿ, ಆಗಲೇ ಹೊರಡಿ.